ಎರಡು ಮನೆಗಳ ನಡುವಿನ ಶ್ರುತಿ

ಪುತ್ತೂರು, ಸುಳ್ಯ, ಕಡಬದ ಕಡೆ ಹಳೆಯ ಸಾಮಾನು ಇಟ್ಟುಕೊಳ್ಳುವುದೆಂದರೆ ಪ್ರತಿವರ್ಷ ಮಳೆಗಾಲದ ಜೊತೆ ಒಂದು ಕುಸ್ತಿ. ಪುಸ್ತಕದ ರಟ್ಟು ಬಾಗುತ್ತದೆ. ಚರ್ಮದ ಚೀಲಕ್ಕೆ ಬೂಸ್ಟು ಹಿಡಿಯುತ್ತದೆ. ಗೋಡೆಯ ಮೇಲಿನ ಮದುವೆಯ ಫೋಟೋ ಗಾಜಿಗೆ ಅಂಟಿಕೊಳ್ಳುತ್ತದೆ. ಮನೆಯಲ್ಲಿ ಗ್ರಾಮಫೋನ್ ತಟ್ಟೆಗಳಿದ್ದರಂತೂ ಕೇಳುವುದೇ ಬೇಡ. ಕಾಗದದ ಹೊದಿಕೆ ತೇವ ಕುಡಿದು, ತಟ್ಟೆಯ ಸಣ್ಣ ಸಣ್ಣ ಗೆರೆಗಳ ಒಳಗೆ ಬಿಳಿಯ ಪುಡಿ ಕೂರುತ್ತದೆ. ಮುಳ್ಳು ಆ ಪುಡಿಯ ಮೇಲೆ ಹಾದುಹೋದಾಗ ಸಂಗೀತದ ಜೊತೆಗೆ ಬಾಣಲೆಯಲ್ಲಿ ಹಪ್ಪಳ ಕರಿದ ಸದ್ದೂ ಕೇಳುತ್ತದೆ.

ಸುಳ್ಯ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಇಂಥ ಕುಸ್ತಿಯನ್ನು ನಲವತ್ತು ವರ್ಷಗಳಿಂದ ನಡೆಸಿಕೊಂಡು ಬಂದಿದ್ದಾರೆ. ಅವರ ಬಳಿ ಇರುವುದು ಎರಡು ಬಗೆಯ ಸಂಪತ್ತು. ಒಂದು, ಅವರ ತಂದೆ ಬಿಟ್ಟುಹೋದ ಕೀ ಕೊಡುವ ಗ್ರಾಮಫೋನು ಮತ್ತು ಅದರ ಮೂವತ್ತು ಚಿಲ್ಲರೆ ತಟ್ಟೆಗಳು. ಇನ್ನೊಂದು, ಅವರೇ ಸಂಬಳದಲ್ಲಿ ಉಳಿಸಿ ಕೊಂಡ, ಸೂಟ್‌ಕೇಸಿನಂತೆ ಮುಚ್ಚುವ ಕರೆಂಟಿನ ಪ್ಲೇಯರು ಮತ್ತು ಒಂದು ಕಪಾಟು ಎಲ್‌ಪಿಗಳು. ಮಂಗಳೂರು ಆಕಾಶವಾಣಿ 1976ರ ಡಿಸೆಂಬರಿನಲ್ಲಿ ಶುರುವಾಗುವ ಮೊದಲು, ದೂರದ ನಿಲಯಗಳ ಸಂಗೀತವನ್ನು ಗೊರಗೊರ ಸದ್ದಿನ ನಡುವೆ ಹೆಕ್ಕಿ ಕೇಳಿದವರಿಗೆ ಬೇಕೆಂದಾಗ ಹಾಡುವ ಈ ತಟ್ಟೆಗಳ ಬೆಲೆ ಗೊತ್ತು.

ಅವರ ಮಗನಿಗೆ ಈಗ ತಾಲ್ಲೂಕು ಕೇಂದ್ರವಾಗಿರುವ ಕಡಬದಲ್ಲಿ ಕಂಪ್ಯೂಟರು, ಮೊಬೈಲು ರಿಪೇರಿಯ ಅಂಗಡಿ. ಮೊಮ್ಮಗಳು ಪುತ್ತೂರಿನಲ್ಲಿ ಪಿಯುಸಿ ಓದುತ್ತ, ವಾರಕ್ಕೆರಡು ಸಂಜೆ ಕರ್ನಾಟಕ ಸಂಗೀತದ ಪಾಠಕ್ಕೆ ಹೋಗುತ್ತಾಳೆ. ಮೂರು ಊರು, ಮೂರು ತಲೆಮಾರು. ರಜೆಯಲ್ಲಿ ಎಲ್ಲರೂ ತೋಟದ ಮನೆಯಲ್ಲಿ ಸೇರಿದಾಗ ಒಂದು ಜಗಳ ಗ್ಯಾರಂಟಿ: ಸಂಗೀತ ಯಾವುದರಲ್ಲಿ ಚೆನ್ನಾಗಿ ಕೇಳುತ್ತದೆ, ತಟ್ಟೆಯಲ್ಲೋ, ಕಂಪ್ಯೂಟರಿನಲ್ಲೋ?

ಅಜ್ಜನ ವಾದ ಬಹಳ ಜನ ಮಾಡುವ ವಾದವೇ. ಗಮಕವೆಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುಬಂಡಿಯ ಹಾಗೆ ಜಾರುವುದು. ತಟ್ಟೆಯ ಗೆರೆ ಆ ಜಾರಿಕೆಯ ಚಿತ್ರವನ್ನು ಎಲ್ಲೂ ತುಂಡಾಗದಂತೆ ಬರೆದುಕೊಳ್ಳುತ್ತದೆ. ಡಿಜಿಟಲ್ ಅದನ್ನು ಕೊಚ್ಚಿ ಲೆಕ್ಕ ಮಾಡಿ ಇಡುತ್ತದೆ. "ಜಾರುಬಂಡಿ ಹೋಗಿ ಮೆಟ್ಟಿಲು ಆಯ್ತು. ಕಾಂಬೋಧಿಯನ್ನು ಯಾರಾದ್ರೂ ಮೆಟ್ಟಿಲು ಹತ್ತಿಸ್ತಾರಾ?" ಎಂದು ಅವರು ಕೇಳಿದರೆ, ಎದುರಿಗೆ ಕೂತ ನೆರೆಮನೆಯ ಗೆಳೆಯರು ವೀಳ್ಯದೆಲೆಗೆ ಸುಣ್ಣ ಸವರುತ್ತ ಹೌದು ಹೌದು ಎನ್ನುತ್ತಾರೆ.

ಮಗ ಒಪ್ಪುವುದಿಲ್ಲ. 1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಕಂಪೆನಿಗಳು ಮಾರುಕಟ್ಟೆಗೆ ತಂದ ಸಿ.ಡಿ.ಯಲ್ಲಿ ಶಬ್ದದ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ. ಪ್ರತಿ ಅಳತೆಗೂ 65,536 ಮಟ್ಟಗಳಲ್ಲಿ ಒಂದು ಅಂಕಿ. ಕೇಳುವಾಗ ಆ ಅಂಕಿಗಳು ಮೆಟ್ಟಿಲುಗಳಾಗಿ ಹೊರಗೆ ಬರುವುದಿಲ್ಲ. ಯಂತ್ರ ಅವುಗಳಿಂದ ಮತ್ತೆ ನುಣ್ಣನೆಯ ಅಲೆಯನ್ನೇ ಕಟ್ಟುತ್ತದೆ. ಮನುಷ್ಯನ ಕಿವಿಗೆ ಎಟಕುವ ಅತಿ ಎತ್ತರದ ಧ್ವನಿ ಸೆಕೆಂಡಿಗೆ ಸುಮಾರು 20,000 ಕಂಪನಗಳದ್ದು. ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಅಲೆಯನ್ನು ಪೂರ್ತಿಯಾಗಿ ಮರಳಿ ಕಟ್ಟಬಹುದೆಂಬುದು ಗಣಿತ. ಪಿಯುಸಿ ವಿಜ್ಞಾನದ ಮಕ್ಕಳು ಮುಂದೆ ಎಂಜಿನಿಯರಿಂಗಿಗೆ ಹೋದರೆ ಇದನ್ನೇ ಲೆಕ್ಕ ಹಾಕಿ ಕಲಿಯುತ್ತಾರೆ.

"ನಿಮ್ಮ ಎಲ್‌ಪಿಯ ಒಳಸುತ್ತು ನೋಡಿ ಅಪ್ಪ" ಎಂಬುದು ಮಗನ ಇನ್ನೊಂದು ಬಾಣ. ಅದು ಗುರಿ ತಪ್ಪುವಂಥದ್ದಲ್ಲ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿ ತಂದ ಎಲ್‌ಪಿ ನಿಮಿಷಕ್ಕೆ 33 ಮತ್ತು ಮೂರನೇ ಒಂದು ಸುತ್ತು ತಿರುಗುತ್ತದೆ. ವೇಗ ಒಂದೇ, ಆದರೆ ಹೊರ ಅಂಚಿನ ಸುತ್ತು ದೊಡ್ಡದು, ನಡುವಿನದು ಚಿಕ್ಕದು. 12 ಇಂಚಿನ ತಟ್ಟೆಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋದರೆ, ಕೊನೆಯ ಸುತ್ತುಗಳಲ್ಲಿ ಬರೇ 20 ಚಿಲ್ಲರೆ. ಅಂದರೆ ಅಷ್ಟೇ ಸಂಗೀತವನ್ನು ಅರ್ಧಕ್ಕೂ ಕಡಿಮೆ ಜಾಗದಲ್ಲಿ ಒತ್ತಿ ಬರೆಯಬೇಕು. ನಮ್ಮ ಸಂಗೀತವೋ, ವಿಳಂಬದಲ್ಲಿ ಹೊರಟು ದ್ರುತಕ್ಕೆ ಏರುವಂಥದ್ದು. ಜಾಗ ಧಾರಾಳ ಇದ್ದಲ್ಲಿ ನಿಧಾನದ ಆಲಾಪ. ತಾನುಗಳು ಮಿಂಚುವ ಹೊತ್ತಿಗೆ ಗೆರೆ ಇಕ್ಕಟ್ಟು. ಕೊನೆಯ ತಾನು ಸ್ವಲ್ಪ ಒರಟಾಗಿ ಕೇಳಿದರೆ ಅದು ಗಾಯಕರ ತಪ್ಪಲ್ಲ.

ಒಂದು ದಸರಾ ರಜೆಯಲ್ಲಿ ಮಗ ಪರೀಕ್ಷೆಯನ್ನೇ ಇಟ್ಟುಬಿಟ್ಟ. ಅಜ್ಜನ ಮೆಚ್ಚಿನ ಎಲ್‌ಪಿಯೊಂದನ್ನು ಅವರದೇ ಪ್ಲೇಯರಿನಿಂದ ಕಂಪ್ಯೂಟರಿಗೆ ಇಳಿಸಿದ. ಆಮೇಲೆ ತಟ್ಟೆಯನ್ನೂ ಕಂಪ್ಯೂಟರಿನ ಪ್ರತಿಯನ್ನೂ ಒಂದೇ ಸ್ಪೀಕರಿಗೆ ಜೋಡಿಸಿ, ಅಜ್ಜನನ್ನು ಚಾವಡಿಯಲ್ಲಿ ಕೂರಿಸಿ, ಒಳಗಿನಿಂದ ಹತ್ತು ಸಲ ಒಂದಾದ ಮೇಲೊಂದು ನುಡಿಸಿದ. ಯಾವಾಗ ಯಾವುದು ಎಂಬುದನ್ನು ಮೊಮ್ಮಗಳು ಕಾಸು ಚಿಮ್ಮಿ ನಿರ್ಧರಿಸುತ್ತಿದ್ದಳು. ಅಜ್ಜ ಕಣ್ಣುಮುಚ್ಚಿ, ತಲೆದೂಗಿ, ಬಹಳ ಗಂಭೀರವಾಗಿ ಹತ್ತು ಉತ್ತರ ಕೊಟ್ಟರು. ಐದು ಸರಿ, ಐದು ತಪ್ಪು. ಕೇಳದೆ ಹೇಳಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು.

ಮಗನಿಗೆ ಗೆದ್ದ ಖುಷಿ. ಆದರೆ ಅಜ್ಜನ ಮುಖ ನೋಡಿದ ಮೇಲೆ ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಮಾತು ತಿರುಗಿಸಿದ್ದು ಮೊಮ್ಮಗಳೇ. "ಅಲ್ಲ ಅಪ್ಪ, ತಟ್ಟೆಯ ಸ್ವಾದ ಪೂರ್ತಿ ಕಂಪ್ಯೂಟರಿಗೆ ಬಂತು ಅಂತ ಆಯ್ತಲ್ಲ? ಹಾಗಾದ್ರೆ ಅಜ್ಜ ಇಷ್ಟಪಡುವ ಆ ಬಿಸುಪು ತಟ್ಟೆಯಲ್ಲಿ ಇರುವುದು ನಿಜವೇ ಅಲ್ವಾ?" ಹುಡುಗಿಯ ಮಾತು ಸರಿ. ಮುಳ್ಳು, ಗೆರೆ, ಹಳೆಯ ಪ್ಲೇಯರು ಎಲ್ಲ ಸೇರಿ ಸಂಗೀತಕ್ಕೆ ತಮ್ಮದೊಂದು ಬಣ್ಣ ಹಚ್ಚುತ್ತವೆ. ಡಿಜಿಟಲ್ ಪ್ರತಿ ಆ ಬಣ್ಣವನ್ನೂ, ಹಪ್ಪಳದ ಸದ್ದನ್ನೂ ಹಾಗೆಯೇ ಎತ್ತಿಕೊಂಡಿತು. ಮುಂದೆ ಇಟ್ಟದ್ದನ್ನು ಯಥಾವತ್ತಾಗಿ ನಕಲು ಮಾಡುವುದು ಅದರ ಗುಣ.

ಆ ಗುಣದ ಇನ್ನೊಂದು ಮುಖ ಗೊತ್ತಾದದ್ದು ಮುಂದಿನ ಬೇಸಗೆಯಲ್ಲಿ.

ಹುಡುಗಿಯ ಸಂಗೀತದ ಟೀಚರು ಒಂದು ಕೀರ್ತನೆ ಹೇಳಿಕೊಟ್ಟಿದ್ದರು. ಅದನ್ನು ನೂರು ವರ್ಷದ ಹಿಂದೆ ಗಾಯಕಿಯೊಬ್ಬರು ಹಾಡಿದ ತಟ್ಟೆಯ ಪ್ರತಿಯೊಂದು ಅವಳಿಗೆ ಫೋನಿನಲ್ಲಿ ಸಿಕ್ಕಿತು. ಯಾರೋ ಪುಣ್ಯಾತ್ಮರು ಶ್ರಮಪಟ್ಟು ಇಳಿಸಿ, ಎಲ್ಲರೂ ಕೇಳಲಿ ಎಂದು ಹಂಚಿದ್ದರು. ಮೂರೇ ನಿಮಿಷ, ಆದರೆ ಏನು ಚುರುಕು, ಏನು ಬಿರ್ಕಾ! ಹುಡುಗಿ ಹಾಸ್ಟೆಲಿನ ತಾರಸಿಯ ಮೇಲೆ ದಿನಾ ಅದರ ಜೊತೆಗೆ ಹಾಡತೊಡಗಿದಳು. ಅವಳದ್ದು ಐದು ಮನೆ ಶ್ರುತಿ. ಫೋನಿನ ಗಾಯಕಿಯದ್ದು ಅದಕ್ಕಿಂತ ಮೇಲೆ. ಶ್ರುತಿಪೆಟ್ಟಿಗೆಯನ್ನು ಐದೂವರೆಗೆ ಇಟ್ಟರೆ ಕೂಡುವುದಿಲ್ಲ, ಆರಕ್ಕೆ ಇಟ್ಟರೂ ಕೂಡುವುದಿಲ್ಲ. ಕೊನೆಗೆ ಆರಕ್ಕೇ ಇಟ್ಟು ಗಂಟಲು ಎಳೆದು ಹಾಡಿದಳು. ಮೂರು ವಾರದಲ್ಲಿ ತಾರಸ್ಥಾಯಿಯಲ್ಲಿ ಧ್ವನಿ ಒಡೆಯತೊಡಗಿತು. ಪರೀಕ್ಷೆ ಹತ್ತಿರವಿತ್ತು. ಟೀಚರು ಕೇಳಿ, "ಇದು ನಿನ್ನ ಗಂಟಲಲ್ಲ, ಯಾರದ್ದನ್ನೋ ಸಾಲ ತಂದಿದ್ದೀ" ಎಂದು ಹಾಡು ನಿಲ್ಲಿಸಿ ಮನೆಗೆ ಕಳಿಸಿದರು.

ಅಜ್ಜನ ಮನೆಗೆ ಬಂದು ಕೂತ ಹುಡುಗಿ ಫೋನಿನಲ್ಲಿ ಆ ಹಾಡು ಹಾಕಿದಳು. ಅಜ್ಜ ಅರ್ಧ ನಿಮಿಷ ಕೇಳಿ ಎದ್ದುಹೋಗಿ ಮರದ ಪೆಟ್ಟಿಗೆಯಿಂದ ಒಂದು ತಟ್ಟೆ ತಂದರು. ಅದೇ ಹಾಡು, ಅದೇ ಗಾಯಕಿ. "ಇದು ನಮ್ಮ ಅಪ್ಪ ಕೇಳ್ತಾ ಇದ್ದ ಪ್ಲೇಟು. ಆದರೆ ನಿನ್ನ ಫೋನಿನಲ್ಲಿ ಇವರಿಗೆ ಎಂಥದೋ ಗಡಿಬಿಡಿ ಉಂಟು ಮಾರಾಯ್ತಿ" ಎಂದರು.

ಗಡಿಬಿಡಿಯ ಗುಟ್ಟು ತಿಳಿಯಬೇಕಾದರೆ ತಟ್ಟೆ ಶ್ರುತಿಯನ್ನು ಹೇಗೆ ಹೊತ್ತಿರುತ್ತದೆ ಎಂಬುದನ್ನು ನೋಡಬೇಕು. ತಟ್ಟೆ ಜೋರಾಗಿ ತಿರುಗಿದರೆ ಹಾಡಿನ ಕಾಲವೂ ಚುರುಕಾಗುತ್ತದೆ, ಶ್ರುತಿಯೂ ಮೇಲೇರುತ್ತದೆ. ನಿಧಾನವಾದರೆ ಎರಡೂ ಇಳಿಯುತ್ತವೆ. ನಿಮಿಷಕ್ಕೆ 78 ಸುತ್ತಿನ ತಟ್ಟೆಯನ್ನು ನಾಲ್ಕೂವರೆ ಸುತ್ತು ಹೆಚ್ಚು ತಿರುಗಿಸಿದರೆ ಸಾಕು, ಹಾರ್ಮೋನಿಯಮ್ಮಿನ ಬಿಳಿ ಮನೆಯಿಂದ ಪಕ್ಕದ ಕಪ್ಪು ಮನೆಗೆ ಹಾರಿದಷ್ಟು ವ್ಯತ್ಯಾಸ. ಯಕ್ಷಗಾನದ ಭಾಗವತರು 'ಕಪ್ಪು ಮೂರು', 'ಬಿಳಿ ನಾಲ್ಕು' ಎಂದು ಶ್ರುತಿ ಹೇಳುವುದನ್ನು ಕೇಳಿದ ನಮ್ಮ ಊರಿನ ಮಕ್ಕಳಿಗೆ ಒಂದು ಮನೆ ಆಚೀಚೆಯಾದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ.

ತೊಡಕು ಇರುವುದು ಇಲ್ಲಿ: '78 ಆರ್‌ಪಿಎಂ' ಎಂದು ಇವತ್ತು ನಾವು ಒಟ್ಟಾಗಿ ಕರೆಯುವ ತಟ್ಟೆಗಳೆಲ್ಲ 78ಕ್ಕೇ ಕೊರೆದವಲ್ಲ. ವಿದ್ಯುತ್ತಿನ ಮೂಲಕ ಧ್ವನಿಮುದ್ರಣ 1925ರಲ್ಲಿ ಪಶ್ಚಿಮದಲ್ಲಿ ಶುರುವಾಗುವ ಮೊದಲು ವೇಗಕ್ಕೆ ಕಟ್ಟುನಿಟ್ಟಿನ ಒಂದು ಅಳತೆ ಇರಲಿಲ್ಲ. ಕೆಲವು ತಟ್ಟೆಗಳು 80, ಕೆಲವು 75, ಇನ್ನು ಕೆಲವು ಅದಕ್ಕೂ ಕೆಳಗೆ. ಅದಕ್ಕೆಂದೇ ಕೀ ಕೊಡುವ ಗ್ರಾಮಫೋನುಗಳಲ್ಲಿ ವೇಗ ಹೆಚ್ಚುಕಡಿಮೆ ಮಾಡುವ ಒಂದು ಸಣ್ಣ ಕಡ್ಡಿ ಇರುತ್ತದೆ. ಹಳೆಯವರು ಹಾಡು ಶುರುವಾದೊಡನೆ ಬೆರಳಿನಿಂದ ಅದನ್ನು ಆಚೀಚೆ ತಳ್ಳಿ ಕಿವಿಗೆ ಸರಿಕಂಡಲ್ಲಿ ನಿಲ್ಲಿಸುತ್ತಿದ್ದರು. ಇಂಥ ಒಂದು ತಟ್ಟೆಯನ್ನು 78ಕ್ಕೇ ತಿರುಗಿಸಿ ಕಂಪ್ಯೂಟರಿಗೆ ಇಳಿಸಿದರೆ ಅದು ಆ ತಪ್ಪು ವೇಗವನ್ನು ಒಂದು ಕೂದಲಿನಷ್ಟೂ ಬಿಡದೆ ನಕಲು ಮಾಡುತ್ತದೆ. ಸಾವಿರ ಜನ ಕೇಳಿದರೂ ಅದೇ ತಪ್ಪು, ಹತ್ತು ವರ್ಷ ಬಿಟ್ಟು ಕೇಳಿದರೂ ಅದೇ ತಪ್ಪು.

ಅಜ್ಜ, ಮೊಮ್ಮಗಳು ಇಬ್ಬರೂ ಕೂತು ಲೆಕ್ಕ ಶುರುಮಾಡಿದರು. ಸಾಧನ ಬಹಳ ಸರಳ: ತಟ್ಟೆಯ ಅಂಚಿನಡಿ ಒಂದು ಚೀಟಿ ಸಿಕ್ಕಿಸಿ, ವಾಚು ನೋಡುತ್ತ ಒಂದು ನಿಮಿಷಕ್ಕೆ ಎಷ್ಟು ಸಲ ಚೀಟಿ ಬಂದುಹೋಗುತ್ತದೆಂದು ಎಣಿಸುವುದು. ಎಲ್‌ಪಿ ಪ್ಲೇಯರಿಗಾದರೆ ಇದಕ್ಕಿಂತ ಚಂದದ ಉಪಾಯವಿದೆ. ಸುತ್ತ 180 ಕಪ್ಪು ಗೆರೆ ಎಳೆದ ಕಾಗದದ ಚಕ್ರವನ್ನು ತಟ್ಟೆಯ ಮೇಲಿಟ್ಟು ಹಳೆಯ ಟ್ಯೂಬ್‌ಲೈಟಿನ ಕೆಳಗೆ ನೋಡಬೇಕು. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ ಆ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ವೇಗ ಸರಿಯಿದ್ದರೆ ಗೆರೆಗಳು ನಿಂತ ಹಾಗೆ ಕಾಣುತ್ತವೆ. ತಪ್ಪಿದ್ದರೆ ಮುಂದಕ್ಕೋ ಹಿಂದಕ್ಕೋ ತೆವಳುತ್ತವೆ. ಮನೆಯಲ್ಲಿ ಹಳೆಯ ಪ್ಲೇಯರಿದ್ದರೆ ಭೌತಶಾಸ್ತ್ರದ ವಿದ್ಯಾರ್ಥಿಗಳು ಮಾಡಿನೋಡಬಹುದು, 180 ಹೇಗೆ ಬಂತೆಂಬ ಲೆಕ್ಕವನ್ನೂ ಹಾಕಬಹುದು.

ಹಾಡಿನ ಹಿಂದೆ ಹಾರ್ಮೋನಿಯಂ ಇತ್ತು. ಅದೇ ಮೊದಲ ಸುಳಿವು. ತಂಬೂರಿಯನ್ನು ಎಲ್ಲಿಗೆ ಬೇಕಾದರೂ ಏರಿಸಬಹುದು, ಇಳಿಸಬಹುದು. ಹಾರ್ಮೋನಿಯಂ ಹಾಗಲ್ಲ, ಅದು ಯಾವುದಾದರೂ ಒಂದು ಮನೆಯಲ್ಲೇ ಕೂರಬೇಕು. ಫೋನಿನ ಪ್ರತಿಯಲ್ಲಿ ಅದು ಐದೂವರೆಗೂ ಆರಕ್ಕೂ ನಡುವಿನ ಗೋಡೆಯ ಮೇಲೆ ಕೂತಿತ್ತು. ಅಂದಮೇಲೆ ವೇಗದಲ್ಲಿ ಏನೋ ಎಡವಟ್ಟಾಗಿದೆ. ಗ್ರಾಮಫೋನಿನ ಕಡ್ಡಿ ತಳ್ಳಿ ನೋಡಿದಾಗ ಮೂರು ಕಡೆ ಹಾರ್ಮೋನಿಯಂ ಮನೆ ಸೇರಿತು: 81 ಸುತ್ತಿಗೆ ಆರು ಮನೆ, 76ಕ್ಕೆ ಐದೂವರೆ, 72ಕ್ಕೆ ಐದು. ಹಾರ್ಮೋನಿಯಂ ಇದಕ್ಕಿಂತ ಹೆಚ್ಚು ಹೇಳಲಾರದು. ಮೂರರಲ್ಲಿ ಗಾಯಕಿಯದ್ದು ಯಾವುದು?

ಉತ್ತರ ಹಾಡಿನ ಕೊನೆಯಲ್ಲಿತ್ತು. ಆ ಕಾಲದ ಕೆಲವು ತಟ್ಟೆಗಳಲ್ಲಿರುವಂತೆ ಗಾಯಕಿ ಹಾಡು ಮುಗಿಸಿ ತನ್ನ ಹೆಸರು ಹೇಳಿದ್ದರು. ಈ ಪದ್ಧತಿಗೆ ಒಂದು ಇತಿಹಾಸವಿದೆ. ಇಂಗ್ಲೆಂಡಿನ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡರು. ತಟ್ಟೆಗಳು ಒತ್ತಾಗಬೇಕಿದ್ದುದು ಜರ್ಮನಿಯ ಹಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾರ ಹಾಡೆಂದು ಗುರುತು ಸಿಗಲೆಂದು ಕೊನೆಗೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಗುರುತಿಗಾಗಿ ಹೇಳಿದ ಹೆಸರು ಇಂದು ಬೇರೊಂದು ಕೆಲಸಕ್ಕೆ ಬರುತ್ತದೆ. ಹಾಡುವ ಧ್ವನಿಯ ಎತ್ತರದಲ್ಲಿ ನಮಗೆ ಮೋಸವಾಗಬಹುದು; ಮಾತಿನಲ್ಲಿ ಅಷ್ಟು ಸುಲಭವಾಗಿ ಆಗುವುದಿಲ್ಲ.

81ರಲ್ಲಿ ಗಾಯಕಿ ಹೆಸರು ಹೇಳಿದಾಗ ಅಂಗನವಾಡಿಯ ಮಗು ಹಾಜರಿ ಕೂಗಿದಂತೆ ಕೇಳಿತು. 76ರಲ್ಲಿ ಬಸ್ಸು ತಪ್ಪಿಹೋಗುವ ಅವಸರ. 72ರಲ್ಲಿ ಒಬ್ಬ ಪ್ರಾಯದ ಹೆಂಗಸು ನಿಧಾನವಾಗಿ, ಸ್ವಲ್ಪ ಹೆಮ್ಮೆಯಿಂದ, ತಾನು ಇಂಥವಳು ಎಂದು ಹೇಳಿದಂತಿತ್ತು. ಐದು ಮನೆ! ಹುಡುಗಿಯ ಸ್ವಂತ ಶ್ರುತಿಯೇ ಅದು. ಮೂರು ನಿಮಿಷದ ಹಾಡು ಈಗ 15 ಸೆಕೆಂಡು ಹಿಗ್ಗಿತ್ತು. ಮಿಂಚಿನಂತೆ ಓಡುತ್ತಿದ್ದ ಬಿರ್ಕಾಗಳು ಬಿಡಿಬಿಡಿಯಾಗಿ ಮುತ್ತು ಪೋಣಿಸಿದಂತೆ ಕೇಳಿಸಿದವು. ಮೂರು ವಾರ ಹುಡುಗಿ ಬೆನ್ನಟ್ಟಿ ಸುಸ್ತಾದದ್ದು ಗಾಯಕಿಯನ್ನಲ್ಲ, ಒಂದು ಯಂತ್ರದ ಅವಸರವನ್ನು.

ಇಲ್ಲಿಗೆ ತಟ್ಟೆಯೇ ಗೆದ್ದಿತೆಂದು ಅಜ್ಜ ಮೀಸೆ ತಿರುವಬಹುದಿತ್ತು. ವಿಷಯ ತಿಳಿದ ಟೀಚರು ಒಂದು ಎಚ್ಚರಿಕೆಯ ಮಾತು ಹೇಳಿದರು. ಧ್ವನಿ ಎಳೆಯದಾಗಿ ಕೇಳಿದರೆ ವೇಗ ತಪ್ಪಿದೆ ಎಂದು ಎಲ್ಲ ಕಡೆ ತೀರ್ಮಾನಿಸಬಾರದು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಗಂಭೀರವಾದ, ಗಂಡಸಿನ ಧ್ವನಿಯೇ ಎನ್ನಿಸುವ ಕಂಠ ಎಲ್ಲರಿಗೂ ಗೊತ್ತು. ಅವರು 1930ರ ದಶಕದಲ್ಲಿ 'ಗಾಂಧಾರಿ' ಎಂಬ ಹೆಸರಿನಲ್ಲಿ ಎಚ್‌ಎಂವಿಗೆ ಹಾಡಿದ ತಟ್ಟೆಗಳಲ್ಲಿ ಇರುವುದು ತೆಳುವಾದ, ಎತ್ತರದ, ಹುಡುಗಿಯ ಧ್ವನಿ. ಆಮೇಲೆ ಗಂಟಲಿನ ಚಿಕಿತ್ಸೆಯ ನಂತರ ಅವರ ಕಂಠವೇ ಬದಲಾಯಿತು. ಇದು ತಿಳಿಯದವರು ಆ ತಟ್ಟೆಯನ್ನು 'ಸರಿಪಡಿಸಲು' ವೇಗ ಇಳಿಸುತ್ತ ಹೋದರೆ, ಎಂದೂ ಇಲ್ಲದ ಒಬ್ಬ ಗಾಯಕಿಯನ್ನು ಸೃಷ್ಟಿಸಿದಂತಾಗುತ್ತದೆ. ಹಾರ್ಮೋನಿಯಂ, ಮಾತು, ಗಾಯಕರ ಬೇರೆ ತಟ್ಟೆಗಳು, ಅವರ ಜೀವನದ ವಿವರ — ಎಲ್ಲ ಸುಳಿವುಗಳನ್ನೂ ಕೂಡಿಸಿ ನೋಡಬೇಕು. ಕಿವಿಯ ಜೊತೆ ಓದೂ ಬೇಕು.

ತಟ್ಟೆ ಹೇಳದೆ ಬಿಟ್ಟದ್ದೂ ಬಹಳ ಇದೆ. ಮೈಕು ಇಲ್ಲದ ಕಾಲದಲ್ಲಿ ಗಾಯಕರು ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಕೂಗಿ ಹಾಡಬೇಕಿತ್ತು. ಆ ಕಹಳೆ ಬಹಳ ತಗ್ಗಿನ ಧ್ವನಿಯನ್ನೂ ಬಹಳ ಎತ್ತರದ್ದನ್ನೂ ಹಿಡಿಯುತ್ತಿರಲಿಲ್ಲ. ತಂಬೂರಿ ಕೇಳಿಸುವುದೇ ಇಲ್ಲ ಎನ್ನುವಷ್ಟು ಕ್ಷೀಣ. ಮೃದಂಗದ ಎಡಭಾಗದ ಗುಂಕಾರ ಮಾಯ. ಒಂದು ಬದಿಗೆ ಮೂರು ಚಿಲ್ಲರೆ ನಿಮಿಷವೇ ಜಾಗವಾದ್ದರಿಂದ ಗಂಟೆಗಟ್ಟಲೆ ಹಾಡುವ ರಾಗವನ್ನು ಒಂದು ಚೀಟಿಯಲ್ಲಿ ಬರೆದಂತೆ ಹಾಡಬೇಕಿತ್ತು. ತಟ್ಟೆ ಮಾಡಿದ್ದು ಅರಗಿನಿಂದ, ಮರದ ಮೇಲಿನ ಹುಳ ಸ್ರವಿಸುವ ಅದೇ ಅರಗು. ಅದಕ್ಕೆ ಕಲ್ಲಿನ ಪುಡಿ ಬೆರೆಸುತ್ತಿದ್ದುದರಿಂದ ಹಿನ್ನೆಲೆಯಲ್ಲಿ ಸದಾ ಸುಯ್ ಎಂಬ ಸದ್ದು. ಪಾಂಡವರ ಅರಗಿನ ಮನೆ ಬೆಂಕಿಗೆ ಕರಗಿತು. ಅರಗಿನ ತಟ್ಟೆ ಕೈಜಾರಿದರೆ ಸಾಕು, ಚೂರು.

ಆ ಸುಯ್ ಸದ್ದನ್ನು ಕಂಪ್ಯೂಟರಿನಲ್ಲಿ ಒರೆಸಿಹಾಕಬಹುದು. ಮಗ ಅದನ್ನೂ ಮಾಡಿ ತೋರಿಸಿದ. ಎಲ್‌ಪಿಯೊಂದರ ಸದ್ದನ್ನು ಪೂರ್ತಿ ಅಳಿಸಿದಾಗ ಹಾಡೇನೋ ಸ್ನಾನ ಮಾಡಿಸಿದ ಮಗುವಿನಂತೆ ಚೊಕ್ಕಟವಾಯಿತು. ಆದರೆ ತಂಬೂರಿ ಸತ್ತುಹೋಯಿತು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ನೂಲು ಇಡುತ್ತಾರಲ್ಲ, ಅದರಿಂದ ಹುಟ್ಟುವ ಜೀವಾಳವೆಲ್ಲ ಮೂಲಸ್ವರದ ಮೇಲೆ ಸಾಲಾಗಿ ಏರುವ ಸೂಕ್ಷ್ಮ ಸ್ವರಗಳಲ್ಲಿ ಇರುತ್ತದೆ. ಸುಯ್ ಸದ್ದು ವಾಸಿಸುವುದೂ ಅದೇ ಎತ್ತರದಲ್ಲಿ. ಕಳೆ ಕೀಳಲು ಹೋಗಿ ಸಸಿಯನ್ನೂ ಕಿತ್ತಂತಾಯಿತು. ಫೋನಿನಲ್ಲಿ ಜಾಗ ಉಳಿಸಲು ಹಾಡನ್ನು ತೀರಾ ಕುಗ್ಗಿಸಿದಾಗಲೂ ಕೆಡುವ ಭಾಗಗಳಲ್ಲಿ ಇದು ಒಂದು. ಡಿಜಿಟಲ್ಲಿನಲ್ಲಿ ಸಂಗೀತ ಸಪ್ಪೆ ಎನ್ನುವವರು ಹಲವು ಸಲ ಕೇಳಿರುವುದು ಇಂಥ ಕುಗ್ಗಿಸಿದ, ಒರೆಸಿದ ಪ್ರತಿಗಳನ್ನು.

ಕೊನೆಗೆ ಅಪ್ಪ, ಮಗ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಹಳೆಯ ಗ್ರಾಮಫೋನಿನ ಧ್ವನಿಪೆಟ್ಟಿಗೆ ಉಕ್ಕಿನ ಮುಳ್ಳಿನ ಮೇಲೆ ನೂರು ಗ್ರಾಮಿಗೂ ಮಿಕ್ಕಿದ ಭಾರ ಹಾಕುತ್ತದೆ. ಪ್ರತಿಸಲ ನುಡಿಸಿದಾಗಲೂ ಗೆರೆ ಸ್ವಲ್ಪ ಸವೆಯುತ್ತದೆ. ಕೇಳಿದಷ್ಟೂ ಕರಗುವ ಸಂಪತ್ತು ಅದು. ಹಾಗಾಗಿ ವೇಗ ಗುರುತಿಸುವಷ್ಟು ಮಾತ್ರ ಗ್ರಾಮಫೋನಿನಲ್ಲಿ ಕೇಳುವುದು, ಬಳಿಕ ಭಾರ ಕಡಿಮೆಯ ಪ್ಲೇಯರಿನಲ್ಲಿ ಒಂದೇ ಸಲ ನುಡಿಸಿ ಕಂಪ್ಯೂಟರಿಗೆ ಇಳಿಸುವುದು, ಇಳಿಸಿದ್ದನ್ನು ಗುರುತಿಸಿದ ವೇಗಕ್ಕೆ ತರುವುದು. ಸದ್ದು ಒರೆಸದ ಮೂಲಪ್ರತಿಯೊಂದನ್ನು ಹಾಗೆಯೇ ಉಳಿಸುವುದು. ಮಳೆಗಾಲಕ್ಕೆ ಮೊದಲು ಹದಿನೇಳು ತಟ್ಟೆಗಳು ಮುಗಿದವು. ಪ್ರತಿಯೊಂದರ ಜೊತೆಗೂ ಹುಡುಗಿ ಒಂದು ಟಿಪ್ಪಣಿ ಬರೆದಳು: ಎಷ್ಟು ಸುತ್ತು, ಎಷ್ಟನೇ ಮನೆ, ಹಾಗೆಂದು ನಂಬಲು ಕಾರಣವೇನು. ಈ ಮೂರನೆಯ ಅಂಕಣ ಹಾಕಿಸಿದ್ದು ಅಜ್ಜ. "ನಾಳೆ ನಮಗಿಂತ ಒಳ್ಳೆ ಕಿವಿಯವರು ಬಂದರೆ ತಿದ್ದಲಿಕ್ಕೆ ಬೇಕಲ್ಲ" ಎಂಬುದು ಅವರ ಮೇಷ್ಟ್ರುಬುದ್ಧಿ.

ತಂದೆತಾಯಿಗಳು ಗಮನಿಸಬೇಕಾದ ಒಂದು ಮಾತು ಇಲ್ಲಿದೆ. ಮಕ್ಕಳ ಸಂಗೀತಕ್ಕೆ ಒಳ್ಳೆಯ ಸ್ಪೀಕರು, ದುಬಾರಿ ಫೋನು ತೆಗೆದುಕೊಟ್ಟರೆ ಕೆಲಸ ಮುಗಿಯಿತೆಂದು ನಾವು ತಿಳಿಯುತ್ತೇವೆ. ಗದಗಿನ ಶಾಲಾಮಾಸ್ತರರ ಮಗ ಭೀಮಸೇನ ಜೋಶಿ ಬಾಲ್ಯದಲ್ಲಿ ಕೇಳಿದ್ದು ಅಂಗಡಿಯೊಂದರ ಗ್ರಾಮಫೋನು. ಅದರಲ್ಲಿ ಬರುತ್ತಿದ್ದ ಅಬ್ದುಲ್ ಕರೀಂ ಖಾನರ ಠುಮ್ರಿ ಆ ಹುಡುಗನನ್ನು ಹಿಡಿದು ಅಲುಗಾಡಿಸಿತು. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆಬಿಟ್ಟ ಅವರು ಊರೂರು ಅಲೆದು, ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ನೆಲೆನಿಂತರು. ಆ ಸವಾಯಿ ಗಂಧರ್ವರು ಅಬ್ದುಲ್ ಕರೀಂ ಖಾನರ ಶಿಷ್ಯರೇ. ತಟ್ಟೆ ಹುಡುಗನಿಗೆ ಬಾಗಿಲು ತೋರಿಸಿತು. ಒಳಗೆ ಕೂರಿಸಿ ವರ್ಷಗಟ್ಟಲೆ ಕಲಿಸಿದ್ದು, ತಪ್ಪಿದಾಗ ತಿದ್ದಿದ್ದು ಗುರು. ಮನೆಬಿಟ್ಟು ಓಡಬೇಕೆಂದು ಯಾವ ವಿದ್ಯಾರ್ಥಿಯೂ ಇದನ್ನು ಓದಿಕೊಳ್ಳುವುದು ಬೇಡ. ಇಂದು ಗುರುಗಳು ಬಸ್ಸಿನ ದಾರಿಯಲ್ಲೇ ಸಿಗುತ್ತಾರೆ.

ಪುತ್ತೂರಿನ ಆ ಟೀಚರೂ ಹಾಗೆಯೇ. ಫೋನಿನ ಪ್ರತಿಯಲ್ಲಿ ತಪ್ಪಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಅವರು ಅದನ್ನು ಕೇಳಿಯೇ ಇರಲಿಲ್ಲ. ಅವರು ಕೇಳಿದ್ದು ಎದುರಿಗೆ ಕೂತ ಹುಡುಗಿಯ ಗಂಟಲನ್ನು. ತಟ್ಟೆಯಾಗಲಿ, ಕಂಪ್ಯೂಟರಾಗಲಿ ಹಾಡುತ್ತವೆ ಅಷ್ಟೆ; ನಾವು ಹಾಡಿದ್ದನ್ನು ತಿರುಗಿ ಕೇಳಿ ಇದು ನಿನ್ನದಲ್ಲ ಎನ್ನುವುದಿಲ್ಲ. ಎರಡು ತಿಂಗಳ ವಿಶ್ರಾಂತಿ, ಮಂದ್ರಸ್ಥಾಯಿಯ ಸಾಧನೆ ಆದ ಮೇಲೆ ಹುಡುಗಿ ಐದು ಮನೆಯಲ್ಲಿ ಆ ಕೀರ್ತನೆಯನ್ನು ಮತ್ತೆ ಎತ್ತಿಕೊಂಡಳು. ಆ ಸಲದ ಪರೀಕ್ಷೆಗೆ ಕೂರಲಾಗಲಿಲ್ಲ. ಒಂದು ವರ್ಷ ಹೋಯಿತೆಂದು ಅಮ್ಮ ಬೇಸರಪಟ್ಟರೆ, ಗಂಟಲು ಉಳಿಯಿತಲ್ಲ ಎಂದು ಟೀಚರು ಸಮಾಧಾನ ಹೇಳಿದರು.

ಕಪಾಟಿನಲ್ಲಿ ಇನ್ನೂ ಹದಿನೈದು ತಟ್ಟೆಗಳು ಬಾಕಿ ಇವೆ. ಅವುಗಳಲ್ಲಿ ನಾಲ್ಕರ ಚೀಟಿ ಮಳೆಗೆ ಕರಗಿಹೋಗಿ ಹಾಡಿದವರು ಯಾರೆಂದೇ ತಿಳಿಯುವುದಿಲ್ಲ. ಅವರು ಕೊನೆಯಲ್ಲಿ ತಮ್ಮ ಹೆಸರು ಹೇಳಿದ್ದಾರೋ ಇಲ್ಲವೋ ಎಂಬುದು ಮುಂದಿನ ರಜೆಯಲ್ಲಿ ಗೊತ್ತಾಗಬೇಕು.